ಹತ್ತಿ ಮಿಲ್ಲಿನ ಹುಡುಗಿಯರಿಗೆ ಒಲಿಂಪಿಕ್ ಚಿನ್ನ: ವಾಲಿಬಾಲ್ ಕೋಚ್ ಹಿರೋಬುಮಿ ಡೈಮಾತ್ಸು ಬದುಕಿನ ಕಥೆ

ಹೂವಿನ ಹಿಪ್ಪರಗಿ: ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಶಾಲೆ ಮೈದಾನದಲ್ಲಿ ಎರಡು ಕಂಬ ನಿಲ್ತಾವೆ, ನೆಟ್ ಬಿಗಿಯುತ್ತಾರೆ, ಸುಣ್ಣದ ಪುಡಿಯಲ್ಲಿ ಗೆರೆ ಎಳೀತಾರೆ. ಹುಡುಗಿಯರ ವಾಲಿಬಾಲ್ ತಂಡವೂ ತಯಾರಾಗುತ್ತದೆ. ಹೋಬಳಿ ಗೆದ್ದರೆ ತಾಲೂಕು, ತಾಲೂಕು ಗೆದ್ದರೆ ವಿಜಯಪುರ. ಬಹಳ ಮಂದಿಯ ಆಟ ಅಲ್ಲಿಗೆ ಮುಗೀತು. ಎಸ್ಸೆಸ್ಸೆಲ್ಸಿ ಆದಮೇಲೆ ಅರ್ಧ ಮಂದಿ ಚೆಂಡು ಕೆಳಗಿಡುತ್ತಾರೆ, ಪಿಯುಸಿ ಆದಮೇಲೆ ಉಳಿದವರು. ಕೈಯಲ್ಲಿ ಆಟ ಇಲ್ಲದ್ದಕ್ಕಲ್ಲ. ಸಂಜೆ ಬಸ್ ಹಿಡಿಯಬೇಕು, ಕತ್ತಲಾಗೋದ್ರೊಳಗೆ ಮನೆ ಮುಟ್ಟಬೇಕು, ಮನೆಯಲ್ಲಿ ರೊಟ್ಟಿ ಬಡಿಯೋದು ಇರ್ತದೆ, ಅಷ್ಟರಲ್ಲಿ ವರ ನೋಡೋದು ಶುರುವಾಗಿರ್ತದೆ.

ಇಂಥದ್ದೇ ಸಾಮಾನ್ಯ ಮನೆಗಳ ಹುಡುಗಿಯರು, ಹತ್ತಿ ನೂಲುವ ಮಿಲ್ಲೊಂದರಲ್ಲಿ ದಿನಗೆಲಸ ಮಾಡುತ್ತಲೇ, ಒಲಿಂಪಿಕ್ ಚಿನ್ನ ಗೆದ್ದ ಕಥೆ ಒಂದಿದೆ. ಅದು ನಡೆದದ್ದು ಜಪಾನ್‌ನಲ್ಲಿ, 1964ರಲ್ಲಿ. ಅವರನ್ನು ತಯಾರು ಮಾಡಿದ ಕೋಚ್ ಹೆಸರು ಹಿರೋಬುಮಿ ಡೈಮಾತ್ಸು. ಮಹಿಳಾ ವಾಲಿಬಾಲ್ ಇವತ್ತು ಹೆಂಗ ಆಡ್ತಾರೋ ಅದರಲ್ಲಿ ಅವರ ಕೈವಾಡ ದೊಡ್ಡದು. ಅವರ ದೇಶದ ಜನ ಅವರನ್ನು ರಾಕ್ಷಸ ಡೈಮಾತ್ಸು ಅಂತಲೇ ಕರೆದರು. ಹೊಗಳಿಕೆ, ಬೈಗುಳ ಎರಡೂ ಆ ಒಂದೇ ಹೆಸರಿನಲ್ಲಿತ್ತು. ಅದಕ್ಕೇ ಅವರ ಬದುಕನ್ನು ಪೂರ್ತಿ ಹೇಳಬೇಕು. ಗೆಲುವು ಮಾತ್ರ ಹೇಳಿ ಬಿಟ್ಟರೆ ಅರ್ಧ ಸುಳ್ಳು ಹೇಳಿದಂಗೆ.

ಸಮುದ್ರದಂಡೆಯ ಹುಡುಗ, ಇಂಫಾಲದ ಸೈನಿಕ

ಡೈಮಾತ್ಸು ಹುಟ್ಟಿದ್ದು 1921ರ ಫೆಬ್ರುವರಿ 12ರಂದು. ಜಪಾನ್‌ನ ಶಿಕೊಕು ದ್ವೀಪದಲ್ಲಿ ಕಗಾವಾ ಅನ್ನೋ ಪ್ರಾಂತ, ಅಲ್ಲಿ ಉತಾಝು ಅನ್ನೋ ಸಮುದ್ರದಂಡೆಯ ಸಣ್ಣ ಊರು. ಕ್ವಾನ್ಸೆಯಿ ಗಾಕುಯಿನ್ ಸಂಸ್ಥೆಯಲ್ಲಿ ಓದುವಾಗ ಅವರೇ ವಾಲಿಬಾಲ್ ಆಟಗಾರ. ಓದು ಮುಗಿಸಿ 1941ರಲ್ಲಿ ದಾಯಿ ನಿಪ್ಪಾನ್ ಬೋಸೆಕಿ ಎಂಬ ದೊಡ್ಡ ನೂಲಿನ ಕಂಪನಿಗೆ ಸೇರಿದರು. ಈ ಕಂಪನಿಯನ್ನೇ ಜನ ಚಿಕ್ಕದಾಗಿ ನಿಚಿಬೋ ಅಂತಿದ್ದರು.

ಅದೇ ಹೊತ್ತಿಗೆ ಎರಡನೇ ಮಹಾಯುದ್ಧ. ಡೈಮಾತ್ಸು ಅವರನ್ನು ಸೈನ್ಯಕ್ಕೆ ಕರೆಸಿಕೊಂಡರು. ನಮಗೆ ಸಂಬಂಧ ಇರೋ ಮಾತು ಇಲ್ಲಿದೆ. 1944ರಲ್ಲಿ ಜಪಾನ್ ಸೈನ್ಯ ಬರ್ಮಾ ಕಡೆಯಿಂದ ನಮ್ಮ ಮಣಿಪುರದ ಇಂಫಾಲದ ಮೇಲೆ ಏರಿ ಬಂತಲ್ಲ, ಆ ದಂಡಿನಲ್ಲಿ ಇವರೂ ಇದ್ದರು. ಅನ್ನ ಇಲ್ಲ, ಮದ್ದು ಇಲ್ಲ, ಮೇಲೆ ಮಳೆಗಾಲ. ಗುಂಡಿಗಿಂತ ಹಸಿವು, ಮಲೇರಿಯಾ, ಭೇದಿಗೆ ಸತ್ತವರೇ ಹೆಚ್ಚು. ವಾಪಸ್ ಹೋಗುವ ಕಾಡುದಾರಿ ತುಂಬ ಹೆಣ ಬಿದ್ದಿದ್ದವು. ಆ ದಾರಿಯಲ್ಲಿ ನಡೆದು ಉಳಿದವರಲ್ಲಿ ಡೈಮಾತ್ಸು ಒಬ್ಬರು. ಯುದ್ಧ ಸೋತ ಮೇಲೆ ಬ್ರಿಟಿಷರ ಸೆರೆಯಲ್ಲಿ ಇದ್ದು ಆಮೇಲೆ ಊರು ಸೇರಿದರು.

ಮನುಷ್ಯನ ಮೈ ಇನ್ನು ಆಗಲ್ಲ ಅಂದ ಮೇಲೂ ಮನಸ್ಸು ಗಟ್ಟಿ ಇದ್ದರೆ ಇನ್ನಷ್ಟು ದೂರ ನಡೀತದೆ ಅನ್ನೋ ನಂಬಿಕೆ ಅವರಿಗೆ ಅಲ್ಲಿಂದ ಬಂತು. ಮುಂದೆ ಆಟಗಾರ್ತಿಯರಿಂದ ಅವರು ಕೇಳಿದ್ದೂ ಅದನ್ನೇ. ಯುದ್ಧದಲ್ಲಿ ಜೀವ ಉಳಿಸಿಕೊಳ್ಳೋಕೆ ಕಲಿತ ಪಾಠವನ್ನು ಆಟದ ಅಂಕಣಕ್ಕೆ ತರಬಹುದೇ ಅನ್ನೋ ಪ್ರಶ್ನೆ ಅವರ ಬದುಕಿನುದ್ದಕ್ಕೂ ಬೆನ್ನು ಬಿಡಲಿಲ್ಲ.

ಕೈಝುಕಾ ಮಿಲ್ಲಿನ ತಂಡ

ಯುದ್ಧ ಮುಗಿದ ಮೇಲೆ ಜಪಾನ್‌ಗೆ ಮತ್ತೆ ಜೀವ ಕೊಟ್ಟ ಉದ್ಯಮಗಳಲ್ಲಿ ನೂಲು ಒಂದು. ನಮ್ಮ ಕಡೆ ಗೋಕಾಕ ಫಾಲ್ಸ್ ಮಿಲ್ಲು ನೋಡಿದವರಿಗೆ ಅಂದಾಜು ಸಿಗುತ್ತದೆ: ಮಿಲ್ಲು ಅಂದ್ರೆ ಬರೀ ಯಂತ್ರ ಅಲ್ಲ, ಅದರ ಸುತ್ತ ಮನೆಗಳು, ಶಾಲೆ, ಅಂಗಡಿ, ಒಂದು ಊರೇ ಇರ್ತದೆ. ಜಪಾನ್‌ನ ಮಿಲ್ಲುಗಳಲ್ಲಿ ಕೆಲಸಕ್ಕೆ ಬರುತ್ತಿದ್ದವರಲ್ಲಿ ಹಳ್ಳಿ ಹುಡುಗಿಯರೇ ಜಾಸ್ತಿ. ಅಲ್ಲೇ ಹಾಸ್ಟೆಲ್, ಅಲ್ಲೇ ಊಟ. ಸಂಜೆ ಹೊತ್ತು ಆಡೋಕೆ ಅಂತ ಕಂಪನಿಗಳು ವಾಲಿಬಾಲ್ ತಂಡ ಕಟ್ಟುತ್ತಿದ್ದವು. ಒಂದು ಚೆಂಡು, ಒಂದು ನೆಟ್ ಇದ್ದರೆ ಆಯ್ತು, ಹತ್ತಾರು ಜನ ಆಡಬಹುದು.

ನಿಚಿಬೋ ಕಂಪನಿಗೆ ಹಲವು ಮಿಲ್ಲು ಇದ್ದವು. 1953-54ರ ಸುಮಾರಿಗೆ ಕಂಪನಿ ಒಂದು ನಿರ್ಧಾರ ಮಾಡಿತು. ಬೇರೆ ಬೇರೆ ಮಿಲ್ಲಿನ ಒಳ್ಳೆ ಆಟಗಾರ್ತಿಯರನ್ನೆಲ್ಲ ಒಸಾಕಾ ಹತ್ತಿರದ ಕೈಝುಕಾ ಮಿಲ್ಲಿಗೆ ತಂದು ಒಂದೇ ತಂಡ ಕಟ್ಟೋದು. ಅದನ್ನು ನಡೆಸುವ ಕೆಲಸ ಡೈಮಾತ್ಸು ಪಾಲಿಗೆ ಬಂತು. ಆಗ ಅವರಿಗೆ 30 ದಾಟಿತ್ತು. ಅವರು ಪೂರ್ಣಾವಧಿ ಕೋಚ್ ಏನೂ ಅಲ್ಲ, ಮಿಲ್ಲಿನ ಕಚೇರಿ ನೌಕರ. ಹಗಲು ಕಡತ, ಸಂಜೆ ಚೆಂಡು.

ಆಟಗಾರ್ತಿಯರೂ ಅಷ್ಟೇ. ಬೆಳಗ್ಗೆ 8ಕ್ಕೆ ಕೆಲಸಕ್ಕೆ ಹಾಜರಿ. ಬಹಳ ಮಂದಿಗೆ ಮಿಲ್ಲಿನ ಕಚೇರಿ ಕಡೆ ಕೆಲಸ. ಮಧ್ಯಾಹ್ನ ಮೂರು-ನಾಲ್ಕಕ್ಕೆ ಕೆಲಸ ಮುಗಿಸಿ ನೇರ ಅಂಕಣಕ್ಕೆ. ಮೊದಲು ತಾವೇ ಅಭ್ಯಾಸ ಶುರು ಮಾಡ್ತಿದ್ದರು, ಕಚೇರಿ ಮುಗಿಸಿ ಡೈಮಾತ್ಸು ಬರ್ತಿದ್ದರು. ಅಲ್ಲಿಂದ ಮಧ್ಯರಾತ್ರಿವರೆಗೆ ಆಟ. ಒಮ್ಮೊಮ್ಮೆ ಅದಕ್ಕೂ ಮೀರಿ. ರಜೆ ಅಂತ ಸಿಕ್ಕರೆ ವರ್ಷದಲ್ಲಿ ಹೊಸ ವರ್ಷದ ಕೆಲವೇ ದಿನ. ಮರುದಿನ ಬೆಳಗ್ಗೆ 8ಕ್ಕೆ ಮತ್ತೆ ಕೆಲಸ. ಆಟಗಾರ್ತಿಯರು ಅಂತ ಕೆಲಸದಲ್ಲಿ ರಿಯಾಯಿತಿ ಕೇಳಬಾರದು ಅನ್ನೋದು ಅವರ ನಿಯಮ. ತಾವೂ ಅದನ್ನೇ ಪಾಲಿಸಿದರು.

ತಂಡದ ನಾಯಕಿ ಮಸಾಯೆ ಕಾಸೈ. 1933ರಲ್ಲಿ ಯಮನಾಶಿ ಪ್ರಾಂತದಲ್ಲಿ ಹುಟ್ಟಿದವರು. ಎತ್ತರದ ಹುಡುಗಿ. ಕೋಚ್ ಮತ್ತು ತಂಡದ ನಡುವಿನ ಸೇತುವೆ ಅಂದ್ರೆ ಇವರೇ. ಕಿರಿಯರಿಗೆ ಇವರು ಅಕ್ಕ ಇದ್ದಂಗೆ.

ಬಿದ್ದು ಏಳುವ ವಿದ್ಯೆ

ಆಗ ಜಪಾನ್‌ನಲ್ಲಿ ಆಡುತ್ತಿದ್ದದ್ದು ಒಂಬತ್ತು ಜನರ ವಾಲಿಬಾಲ್. ಹೊರಗಿನ ದೇಶಗಳಲ್ಲಿ ಆರು ಜನರ ಆಟ. ಅಂತರರಾಷ್ಟ್ರೀಯ ಟೂರ್ನಿಗೆ ಹೋಗಬೇಕಂದ್ರೆ ಆರು ಜನರ ಆಟ ಕಲಿಯಲೇಬೇಕು. ಒಂಬತ್ತು ಜನ ನಿಲ್ಲುವ ಜಾಗವನ್ನು ಆರು ಜನ ಕಾಯಬೇಕು ಅಂದ್ರೆ ಪ್ರತಿಯೊಬ್ಬರೂ ಮೊದಲಿಗಿಂತ ಹೆಚ್ಚು ಜಾಗ ಓಡಬೇಕು. ಇನ್ನೊಂದು ಕಡೆ ಸೋವಿಯತ್ ರಷ್ಯಾ, ಪೋಲೆಂಡ್, ರುಮೇನಿಯಾದ ಹೆಣ್ಣುಮಕ್ಕಳು ಎತ್ತರಕ್ಕೂ ಬಲಕ್ಕೂ ಮುಂದೆ. ನೆಟ್ ಮೇಲಿಂದ ಅವರು ಹೊಡೆದ ಸ್ಮ್ಯಾಶ್ ತಡೆಯೋದು ಕಷ್ಟ.

ಡೈಮಾತ್ಸು ಲೆಕ್ಕ ಸರಳ. ಎತ್ತರದಲ್ಲಿ ಸರಿಗಟ್ಟೋಕೆ ಆಗಲ್ಲ ಅಂದ ಮೇಲೆ ನೆಲದಲ್ಲಿ ಗೆಲ್ಲಬೇಕು. ಅವರು ಎಷ್ಟೇ ಜೋರಾಗಿ ಹೊಡೆಯಲಿ, ಚೆಂಡು ನೆಲಕ್ಕೆ ತಾಗದಿದ್ದರೆ ಪಾಯಿಂಟ್ ಆಗಲ್ಲ.

ಆದರೆ ದೂರದ ಚೆಂಡಿಗೆ ಹಾರಿದವರು ನೆಲಕ್ಕೆ ಬೀಳ್ತಾರೆ. ಬಿದ್ದವರು ಎದ್ದು ನಿಲ್ಲೋದ್ರೊಳಗೆ ಮುಂದಿನ ಚೆಂಡು ಬಂದಿರ್ತದೆ. ಇದಕ್ಕೆ ಉತ್ತರ ಅವರಿಗೆ ಸಿಕ್ಕಿದ್ದು ಮಕ್ಕಳ ಆಟಿಕೆಯಲ್ಲಿ. ತಳ ಭಾರ ಇರುವ ಗೊಂಬೆ ನಮ್ಮ ಜಾತ್ರೆಯಲ್ಲೂ ಸಿಗ್ತದೆ, ನೀವೂ ನೋಡಿರ್ತೀರಿ. ಎಷ್ಟು ಸಲ ಕೆಡವಿದರೂ ತಾನೇ ಎದ್ದು ನಿಲ್ಲುತ್ತದೆ. ಅದೇ ರೀತಿ ಚೆಂಡಿಗೆ ಹಾರಿ, ಕೈಯಿಂದ ಎತ್ತಿ, ಬಿದ್ದ ವೇಗದಲ್ಲೇ ಭುಜದ ಮೇಲೆ ಒಂದು ಉರುಳು ಉರುಳಿ, ಅದೇ ಉರುಳಿನಲ್ಲಿ ಎದ್ದು ನಿಂತು ಮುಂದಿನ ಚೆಂಡಿಗೆ ಸಿದ್ಧ ಆಗೋದು. ಇದಕ್ಕೆ ಉರುಳು ರಿಸೀವ್ ಅನ್ನಬಹುದು. ಇವತ್ತು ಟಿವಿಯಲ್ಲಿ ವಾಲಿಬಾಲ್ ನೋಡುವಾಗ ಬೇರೆ ಬಣ್ಣದ ಅಂಗಿ ತೊಟ್ಟ ಲಿಬೆರೊ ಆಟಗಾರ್ತಿ ಹಾರಿ ಬಿದ್ದು ಏಳ್ತಾಳಲ್ಲ, ಅದರ ಮೂಲದಲ್ಲಿ ಈ ವಿದ್ಯೆ ಇದೆ. ಲಿಬೆರೊ ಅನ್ನೋ ಜಾಗ ಆಟಕ್ಕೆ ಬಂದದ್ದು 1998ರಲ್ಲಿ. ಡೈಮಾತ್ಸು ತಂಡದಲ್ಲಿ ಆರಕ್ಕೆ ಆರೂ ಮಂದಿ ಆ ಕೆಲಸ ಮಾಡ್ತಿದ್ದರು.

ಹೇಳೋಕೆ ಸುಲಭ. ಕಲಿಯೋಕೆ ಮೈಯೆಲ್ಲ ಹಣ್ಣಾಗಬೇಕು. ಭುಜ, ಸೊಂಟ, ಮೊಣಕಾಲು ನೀಲಿಗಟ್ಟಿದವು. ಡೈಮಾತ್ಸು ಒಂದು ಕಡೆ ನಿಂತು ಒಬ್ಬೊಬ್ಬರಿಗೇ ಚೆಂಡು ಎಸೀತಿದ್ದರು. ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಕೈಗೆ ಸಿಗದಷ್ಟು ದೂರಕ್ಕೆ. ಒಂದು ಎತ್ತಿದರೆ ಇನ್ನೊಂದು. ನೂರಾದ ಮೇಲೆ ಮತ್ತೆ ನೂರು. ಸುಸ್ತಾಗಿ ಬಿದ್ದವರ ಮೇಲೂ ಚೆಂಡು ಬೀಳ್ತಿತ್ತು, ಅದರ ಜೊತೆ ಬೈಗುಳವೂ. ಅತ್ತವರು ಅಳ್ತಾನೇ ಮುಂದಿನ ಚೆಂಡಿಗೆ ಹಾರಿದರು. ಎಸೆಯೋ ಕೋಚ್ ಕೂಡ ಕೂತು ಎಸೀಲಿಲ್ಲ, ತಂಡ ಎಷ್ಟು ಹೊತ್ತು ಅಂಕಣದಲ್ಲಿ ಇರ್ತಿತ್ತೋ ಅವರೂ ಅಷ್ಟೂ ಹೊತ್ತು ನಿಂತಿರ್ತಿದ್ದರು.

ರಿಯೊದಲ್ಲಿ ಸೋಲು, ಮಾಸ್ಕೋದಲ್ಲಿ ಗೆಲುವು

1960ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೆ ಜಪಾನ್ ಮಹಿಳೆಯರು ಮೊದಲ ಸಲ ಹೋದರು. ಸೋವಿಯತ್ ತಂಡಕ್ಕೆ ಸೋತು ಎರಡನೇ ಸ್ಥಾನ ಪಡೆದರು. ಮೊದಲ ಸಲಕ್ಕೇ ಬೆಳ್ಳಿ ಅಂದ್ರೆ ಯಾರಾದರೂ ಹೂಮಾಲೆ ಹಾಕ್ತಾರೆ. ಡೈಮಾತ್ಸು ಮಾತ್ರ ಸೋಲಿನ ಲೆಕ್ಕ ಹಾಕಿದರು. ಉರುಳು ರಿಸೀವ್ ಪೂರ್ತಿ ಪಳಗಿದ್ದು ಈ ಸೋಲಿನ ನಂತರ.

1961ರಲ್ಲಿ ತಂಡ ಯುರೋಪ್ ಪ್ರವಾಸ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಅಲ್ಲಿನ ಪತ್ರಿಕೆಗಳಿಗೆ ಇದನ್ನು ನಂಬೋಕೇ ಆಗಲಿಲ್ಲ. ಎಲ್ಲಿ ಹೊಡೆದರೂ ಚೆಂಡು ನೆಲಕ್ಕೆ ಬೀಳವಲ್ದು, ಇದೇನು ಮಾಟವೋ ಅನ್ನೋ ಅರ್ಥದಲ್ಲಿ ಪೂರ್ವದ ಮಾಟಗಾತಿಯರು ಅಂತ ಹೆಸರಿಟ್ಟರು. ಆ ಹೆಸರು ಇವತ್ತಿಗೂ ಹೋಗಿಲ್ಲ.

ಮರುವರ್ಷ 1962ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಮಾಸ್ಕೋದಲ್ಲಿ. 1952, 1956, 1960, ಮೂರು ಸಲವೂ ಸೋವಿಯತ್ ಮಹಿಳೆಯರೇ ಗೆದ್ದಿದ್ದರು. ಅವರದೇ ಊರಲ್ಲಿ, ಅವರದೇ ಜನರ ಮುಂದೆ ಜಪಾನ್ ಅವರನ್ನು ಸೋಲಿಸಿ ಚಾಂಪಿಯನ್ ಆಯಿತು. ಆ ತಂಡದಲ್ಲಿ ಇದ್ದವರು ಬಹುತೇಕ ಕೈಝುಕಾ ಮಿಲ್ಲಿನವರೇ.

ಇತ್ತ ನಿಚಿಬೋ ತಂಡ 1959ರಿಂದ ಸೋಲನ್ನೇ ಕಾಣದೆ ನಡೀತಿತ್ತು. ಡೈಮಾತ್ಸು ಬಿಟ್ಟ ನಂತರವೂ ಕೆಲಕಾಲ ಅದು ಮುಂದುವರಿದು, 1966ರಲ್ಲಿ ಮುರಿಯುವಾಗ ಲೆಕ್ಕ ಸತತ 258 ಗೆಲುವಿಗೆ ಮುಟ್ಟಿತ್ತು. ಒಂದು ತಂಡ ಕಟ್ಟೋದು ಬೇರೆ, ಕಟ್ಟಿದವರು ಹೋದಮೇಲೂ ಗೆಲ್ಲುವ ವ್ಯವಸ್ಥೆ ಬಿಟ್ಟು ಹೋಗೋದು ಬೇರೆ. ನಮ್ಮಲ್ಲಿ ಎಷ್ಟೋ ಶಾಲೆಯ ತಂಡ ಒಬ್ಬ ಪಿಟಿ ಸರ್ ವರ್ಗವಾದ ಕೂಡಲೇ ಕರಗಿ ಹೋಗೋದನ್ನು ನೋಡಿದವರಿಗೆ ಈ ಅಂಕಿಯ ತೂಕ ಗೊತ್ತಾಗುತ್ತದೆ.

ಸಾಕು ಅಂದವರು ಮತ್ತೆ ಬಂದದ್ದು

ಮಾಸ್ಕೋ ಗೆದ್ದ ಮೇಲೆ ಡೈಮಾತ್ಸು ಮತ್ತು ಹಿರಿಯ ಆಟಗಾರ್ತಿಯರು ಆಟ ಬಿಡಬೇಕು ಅಂತಲೇ ಇದ್ದರು. ಜಗತ್ತೇ ಗೆದ್ದಾಯ್ತು, ಇನ್ನೇನು? ಕಾಸೈಗೆ ಆಗಲೇ 29. ಆಗಿನ ಜಪಾನ್‌ನಲ್ಲಿ ಹೆಣ್ಣುಮಗಳಿಗೆ 25 ದಾಟಿತು ಅಂದ್ರೆ ಮದುವೆ ತಡವಾಯ್ತು ಅಂತ ಬಂಧು ಬಳಗ ಗುಸುಗುಸು ಶುರು ಮಾಡ್ತಿತ್ತು. ನಮ್ಮ ಕಡೆಗಿಂತ ಬೇರೆ ಏನಿಲ್ಲ ಬಿಡ್ರಿ. ಡೈಮಾತ್ಸು ಅವರಿಗೂ ಹೆಂಡತಿ ಮಕ್ಕಳಿದ್ದರು, ವರ್ಷಗಟ್ಟಲೆ ಅವರ ಜೊತೆ ರಾತ್ರಿ ಊಟ ಮಾಡಿದ್ದೇ ಅಪರೂಪ.

ಆದರೆ 1964ರ ಒಲಿಂಪಿಕ್ಸ್ ಟೋಕಿಯೊದಲ್ಲೇ ನಡೆಯೋದಿತ್ತು. ಅದರಲ್ಲಿ ವಾಲಿಬಾಲ್ ಮೊದಲ ಸಲ ಸೇರಿತ್ತು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಸಿಕ್ಕ ಮೊದಲ ತಂಡದ ಚೆಂಡಾಟ ಇದು. ಆಟ ಬಿಡಬೇಡಿ ಅಂತ ದೇಶದ ಮೂಲೆ ಮೂಲೆಯಿಂದ ಸಾವಿರಾರು ಪತ್ರ ಬಂದವು. ಕಡೆಗೆ ಆಟಗಾರ್ತಿಯರು ತಮ್ಮತಮ್ಮಲ್ಲೇ ಕೂತು ಮಾತಾಡಿಕೊಂಡು ಇನ್ನೆರಡು ವರ್ಷ ಆಡುವ ನಿರ್ಧಾರಕ್ಕೆ ಬಂದರು. ಈ ಮಾತು ನೆನಪಿಡಬೇಕು. ಕೋಚ್ ಎಳೆದ ಕಡೆ ಹೋದ ಕುರಿಮಂದೆ ಅವರಾಗಿರಲಿಲ್ಲ. ಬೇಡ ಅನ್ನುವ ಅವಕಾಶ ಇದ್ದಾಗಲೂ ಹ್ಞೂಂ ಅಂದವರು.

1964ರ ಅಕ್ಟೋಬರ್ 23

ಒಲಿಂಪಿಕ್ಸ್‌ಗೆ ಬಂದ ಮಹಿಳಾ ತಂಡಗಳು ಆರು: ಜಪಾನ್, ಸೋವಿಯತ್ ಒಕ್ಕೂಟ, ಪೋಲೆಂಡ್, ರುಮೇನಿಯಾ, ಅಮೆರಿಕ, ದಕ್ಷಿಣ ಕೊರಿಯಾ. ಎಲ್ಲರೂ ಎಲ್ಲರ ಮೇಲೆ ಆಡಬೇಕು. ಕೊನೆಯ ದಿನ ಉಳಿದದ್ದು ಜಪಾನ್ ಮತ್ತು ಸೋವಿಯತ್ ಪಂದ್ಯ. ಗೆದ್ದವರಿಗೆ ಚಿನ್ನ.

ಅದೇ ದಿನ ಜಪಾನ್‌ಗೆ ಇನ್ನೊಂದು ಪೆಟ್ಟು ಬಿದ್ದಿತ್ತು. ಜೂಡೋ ಅಂದ್ರೆ ಅವರದೇ ನೆಲದ ವಿದ್ಯೆ. ಅದರ ಮುಕ್ತ ವಿಭಾಗದ ಫೈನಲ್‌ನಲ್ಲಿ ಅವರ ಕಾಮಿನಾಗಾ ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್ ಕೈಲಿ ಸೋತಿದ್ದರು. ದೇಶಕ್ಕೆ ದೇಶವೇ ಸಪ್ಪಗಾಗಿತ್ತು. ಯುದ್ಧ ಸೋತು ಇನ್ನೂ 20 ವರ್ಷ ಆಗಿರಲಿಲ್ಲ. ಎಲ್ಲರ ಕಣ್ಣು ಸಂಜೆಯ ವಾಲಿಬಾಲ್ ಮೇಲೆ ಬಿತ್ತು. ಟೋಕಿಯೊ ಭಾಗದಲ್ಲಿ ಆ ಪಂದ್ಯದ ಟಿವಿ ವೀಕ್ಷಣೆ ಶೇ 66.8. ಜಪಾನ್‌ನಲ್ಲಿ ಯಾವ ಆಟದ ಪ್ರಸಾರವೂ ಆ ಅಂಕಿ ದಾಟಿಲ್ಲ.

ಮೊದಲ ಸೆಟ್ 15-11, ಎರಡನೇದು 15-8. ಎರಡೂ ಜಪಾನ್‌ಗೆ. ಮೂರನೇ ಸೆಟ್‌ನಲ್ಲೂ ಜಪಾನ್ ಮುಂದಿತ್ತು, ಇನ್ನೇನು ಒಂದೇ ಪಾಯಿಂಟ್ ಸಾಕು. ಆದರೆ ಆಗಿನ ನಿಯಮ ಬೇರೆ. ಸರ್ವ್ ಮಾಡುವ ತಂಡಕ್ಕೆ ಮಾತ್ರ ಪಾಯಿಂಟ್. ಎದುರಿನವರು ಗೆದ್ದರೆ ಸರ್ವ್ ಅವರ ಕೈಗೆ ಹೋಗ್ತದೆ, ಅಷ್ಟೇ. ಹಂಗಾಗಿ ಕೊನೆಯ ಪಾಯಿಂಟ್ ಕೈಗೆ ಸಿಕ್ಕಂಗಾಗಿ ಮತ್ತೆ ಮತ್ತೆ ಜಾರಿತು. ಸೋವಿಯತ್ ತಂಡ ಒಂದೊಂದೇ ಪಾಯಿಂಟ್ ಕೂಡಿಸುತ್ತ 13ಕ್ಕೆ ಬಂತು. ಕಡೆಗೆ ಸೋವಿಯತ್ ಆಟಗಾರ್ತಿಯ ಕೈ ನೆಟ್ ಮೇಲಿಂದ ಈಚೆ ಬಂತು, ರೆಫರಿ ಫೌಲ್ ಕೊಟ್ಟರು. 15-13. ಜಪಾನ್‌ಗೆ ಚಿನ್ನ. ಐದು ಪಂದ್ಯದಲ್ಲಿ ಗೆದ್ದ ಸೆಟ್ 15, ಸೋತದ್ದು ಒಂದೇ ಒಂದು.

ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಕೊನ್ ಇಚಿಕಾವಾ ಆ ಒಲಿಂಪಿಕ್ಸ್ ಮೇಲೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಆ ಹೊತ್ತಿನ ಡೈಮಾತ್ಸು ಕಾಣ್ತಾರೆ. ಸಂಭ್ರಮದಿಂದ ದೂರ, ಒಬ್ಬರೇ, ಮುಖದಲ್ಲಿ ನಗು ಇಲ್ಲ. ಹತ್ತು ವರ್ಷ ಹೊತ್ತ ಹೊರೆ ಇಳಿಸಿದ ಮೇಲೆ ಹೆಗಲು ಖಾಲಿ ಆದ ಮನುಷ್ಯನ ಹಂಗ.

ರಾಕ್ಷಸ ಅಂದದ್ದು ಯಾಕೆ

ಈಗ ಇನ್ನೊಂದು ಬದಿ. ಡೈಮಾತ್ಸು ಪದ್ಧತಿಗೆ ಆಗಲೇ ವಿರೋಧ ಇತ್ತು. ಹೆಣ್ಣುಮಕ್ಕಳನ್ನು ಹಿಂಗೆ ದಣಿಸೋದು ಕ್ರೌರ್ಯ ಅಂತ ಜಪಾನ್‌ನ ಪತ್ರಿಕೆಗಳು ಬರೆದವು. ಕಾರ್ಮಿಕ ಸಂಘಟನೆ ಕಡೆಯಿಂದಲೂ ತಕರಾರು ಬಂತು. 1964ರಲ್ಲೇ ಅಮೆರಿಕದ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಈ ಅಭ್ಯಾಸವನ್ನು ಕಣ್ಣಾರೆ ನೋಡಿ, ಮನುಷ್ಯರ ಘನತೆ ಮೀರಿದ್ದು ಅನ್ನುವ ಧಾಟಿಯಲ್ಲಿ ವರದಿ ಮಾಡಿತು. ಮುಟ್ಟಿನ ದಿನ ಕೂಡ ಅಭ್ಯಾಸಕ್ಕೆ ರಜೆ ಇರಲಿಲ್ಲ. ಗಾಯ ಆದವರೂ ಆಡಿದರು. ಪಂದ್ಯದ ದಿನ ಮೈ ಸರಿ ಇರೋದೇ ಇಲ್ಲ, ಹಂಗಾಗಿ ಅಂಥ ಸ್ಥಿತಿಯಲ್ಲೂ ಆಡೋಕೆ ಕಲಿಯಬೇಕು ಅನ್ನೋದು ಡೈಮಾತ್ಸು ವಾದ. ಈಗಿನ ಯಾವ ಕ್ರೀಡಾ ವೈದ್ಯರೂ ಇದಕ್ಕೆ ಒಪ್ಪಲ್ಲ. ನಿದ್ದೆ ಇಲ್ಲದ ಮೈ ಕಲಿಯೋದಿಲ್ಲ, ಗಾಯದ ಮೇಲೆ ಗಾಯ ಆದರೆ ಆಟವೇ ಮುಗೀತದೆ.

ಆಟಗಾರ್ತಿಯರು ಏನಂತಾರೆ ಅನ್ನೋದೂ ಮುಖ್ಯ. ವಯಸ್ಸಾದ ಮೇಲೆ ಮಾತಾಡಿದ ಹಲವರು ಅವರನ್ನು ರಾಕ್ಷಸ ಅಂತ ಒಪ್ಪಲಿಲ್ಲ. ತಾವು ಮನಸ್ಸಿಟ್ಟು ಮಾಡಿದ್ದು, ಬಲವಂತಕ್ಕೆ ಅಲ್ಲ ಅನ್ನೋದು ಅವರ ನಿಲುವು. 2021ರಲ್ಲಿ ಫ್ರಾನ್ಸ್‌ನ ಜೂಲಿಯನ್ ಫರೋ ಇವರ ಮೇಲೆ ಸಾಕ್ಷ್ಯಚಿತ್ರ ಮಾಡಿದಾಗ ಬದುಕಿದ್ದವರು ಅದರಲ್ಲಿ ನಗುನಗುತ್ತ ಹಳೆಯದನ್ನು ನೆನೆದರು. ಅವರ ಮಾತನ್ನು ತಳ್ಳಿಹಾಕೋಕೆ ನಾವ್ಯಾರು?

ಆದರೆ ಕಷ್ಟ ಬೇರೆ ಕಡೆ ಶುರುವಾಯ್ತು. ಚಿನ್ನ ಬಂದ ಮೇಲೆ ಊರೂರಿನ ಕೋಚ್‌ಗಳು ಡೈಮಾತ್ಸು ಆಗೋಕೆ ಹೊರಟರು. ಅವರಂತೆ ರಾತ್ರಿಯೆಲ್ಲ ನಿಂತು ಚೆಂಡು ಎಸೆಯೋದು ಕಷ್ಟ, ಅವರಂತೆ ಬೈಯೋದು ಸುಲಭ. ಬೈಗುಳ, ಹೊಡೆತ, ಅವಮಾನ ಇವೇ ತರಬೇತಿ ಅನ್ನೋ ತಪ್ಪು ಬೇರು ಬಿಟ್ಟಿತು. ಅದು ಕಿತ್ತು ಬರೋಕೆ ದಶಕಗಳೇ ಬೇಕಾದವು. 2013ರಲ್ಲಿ ಜಪಾನ್‌ನ 15 ಮಹಿಳಾ ಜೂಡೋ ಪಟುಗಳು ತರಬೇತಿಯಲ್ಲಿ ತಮ್ಮನ್ನು ಹೊಡೆಯುತ್ತಾರೆ ಅಂತ ದೂರು ಕೊಟ್ಟದ್ದು ಬಯಲಾಯಿತು, ಕೋಚ್ ಹುದ್ದೆ ಬಿಡಬೇಕಾಯ್ತು. ಇದಕ್ಕೆಲ್ಲ ಡೈಮಾತ್ಸು ಒಬ್ಬರನ್ನೇ ಹೊಣೆ ಮಾಡೋದು ನ್ಯಾಯ ಅಲ್ಲ. ಅವರ ಹೆಸರು ಈ ಪರಂಪರೆಗೆ ಅಂಟಿಕೊಂಡದ್ದಂತೂ ನಿಜ.

ಚೀನಾ, ಸಂಸತ್ತು, ಕೊನೆ

ಒಲಿಂಪಿಕ್ಸ್ ನಂತರ ಡೈಮಾತ್ಸು ನಿಚಿಬೋ ತಂಡ ಬಿಟ್ಟರು. 1965ರಲ್ಲಿ ಚೀನಾ ಪ್ರಧಾನಿ ಝೌ ಎನ್ಲಾಯ್ ಅವರೇ ಕರೆಸಿಕೊಂಡರು. ಆಗ ಎರಡೂ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ, ಅದು ಆದದ್ದು 1972ರಲ್ಲಿ. ಅಂಥದ್ದರಲ್ಲಿ ಒಬ್ಬ ವಾಲಿಬಾಲ್ ಕೋಚ್ ಹೋಗಿ ಸುಮಾರು ಒಂದು ತಿಂಗಳು ಚೀನಾ ಮಹಿಳಾ ತಂಡಕ್ಕೆ ಪಾಠ ಹೇಳಿ ಬಂದರು. ಅಲ್ಲೂ ಅದೇ ಉರುಳು, ಅದೇ ರಾತ್ರಿ ಅಭ್ಯಾಸ. ಮುಂದೆ 1981ರಲ್ಲಿ ಯುವಾನ್ ವೈಮಿನ್ ತರಬೇತಿಯ ಚೀನಾ ಮಹಿಳೆಯರು ಜಪಾನ್ ನೆಲದಲ್ಲೇ ವಿಶ್ವಕಪ್ ಗೆದ್ದರು. ಅದನ್ನು ನೋಡೋಕೆ ಡೈಮಾತ್ಸು ಇರಲಿಲ್ಲ.

1968ರಲ್ಲಿ ಅವರು ಲಿಬರಲ್ ಡೆಮಾಕ್ರಟಿಕ್ ಪಕ್ಷದಿಂದ ಜಪಾನ್ ಸಂಸತ್ತಿನ ಮೇಲ್ಮನೆಗೆ ಗೆದ್ದರು. 1974ರಲ್ಲಿ ಸೋತರು. ಮತ್ತೆ ವಾಲಿಬಾಲ್ ಕಲಿಸುತ್ತ ಊರೂರು ತಿರುಗಿದರು. 1978ರ ನವೆಂಬರ್ 24ರಂದು ಒಕಾಯಾಮಾ ಪ್ರಾಂತದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 57. ವಾಲಿಬಾಲ್ ಹುಟ್ಟಿದ ಊರಾದ ಅಮೆರಿಕದ ಹೋಲಿಯೋಕ್‌ನಲ್ಲಿರುವ ವಾಲಿಬಾಲ್ ಹಾಲ್ ಆಫ್ ಫೇಮ್ 2000ದಲ್ಲಿ ಅವರ ಹೆಸರು ಸೇರಿಸಿತು.

ನಾಯಕಿ ಕಾಸೈ ಕಥೆಗೂ ಒಂದು ಸೊಗಸಾದ ಮುಂದುವರಿಕೆ ಇದೆ. ಒಲಿಂಪಿಕ್ಸ್ ಆದ ಮೇಲೆ ಪ್ರಧಾನಿ ಸಾಟೊ ಅವರನ್ನು ಭೇಟಿಯಾದಾಗ ಮದುವೆ ಮಾತು ಬಂತು. ಇಷ್ಟು ವರ್ಷ ಅಂಕಣದಲ್ಲೇ ಇದ್ದವರಿಗೆ ವರ ಸಿಗೋದೆಲ್ಲಿ? ಪ್ರಧಾನಿಯೇ ಮುಂದೆ ನಿಂತು ಒಬ್ಬ ಸೇನಾಧಿಕಾರಿಯ ಪರಿಚಯ ಮಾಡಿಸಿದರು. 1965ರಲ್ಲಿ ಮದುವೆ ಆಯಿತು. ಆಮೇಲೆ ಕಾಸೈ ಮನೆ ಹೆಣ್ಣುಮಕ್ಕಳಿಗೆ ವಾಲಿಬಾಲ್ ಕಲಿಸಿದರು. ಜಪಾನ್‌ನಲ್ಲಿ ಅಮ್ಮಂದಿರ ವಾಲಿಬಾಲ್ ಅಂತಲೇ ಒಂದು ದೊಡ್ಡ ಚಳವಳಿ ಬೆಳೆದಿದೆ. ಮದುವೆ ಆಗಿ ಮಕ್ಕಳಾದ ಮೇಲೂ ಊರೂರಲ್ಲಿ ಹೆಂಗಸರು ಸಂಜೆ ಸೇರಿ ಆಡ್ತಾರೆ. ಕಾಸೈ 2013ರಲ್ಲಿ ತೀರಿಕೊಂಡರು.

ನಮ್ಮ ಮೈದಾನಕ್ಕೆ ಏನು?

ಈ ಕಥೆ ಕೇಳಿ ನಮ್ಮ ಕೋಚ್‌ಗಳು ನಾಳೆಯಿಂದ ರಾತ್ರಿ 12ರವರೆಗೆ ಆಡಿಸಬೇಕು ಅಂತ ಯಾರೂ ಹೇಳಲ್ಲ. ಹೇಳಬಾರದು ಕೂಡ. ಎರಿ ಮಣ್ಣಿನ ನಮ್ಮ ಮೈದಾನ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬಿರುಕು. ಅದರ ಮೇಲೆ ಉರುಳು ರಿಸೀವ್ ಮಾಡಿಸಿದರೆ ಭುಜ ಮುರೀತದೆ, ಅಷ್ಟೇ.

ಡೈಮಾತ್ಸು ಹಟದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆ ಹುಡುಗಿಯರ ಕೆಳಗೆ ಏನೇನಿತ್ತು ಅನ್ನೋದನ್ನು ಎಣಿಸೋರು ಕಡಿಮೆ. ತಿಂಗಳ ಸಂಬಳ ಇತ್ತು. ಇರೋಕೆ ಜಾಗ ಇತ್ತು, ಹಂಗಾಗಿ ಕತ್ತಲಾದ್ರೆ ಬಸ್ ಹಿಡಿಯೋ ಚಿಂತೆ ಇರಲಿಲ್ಲ. ಒಳಾಂಗಣ ಅಂಕಣ ಇತ್ತು, ದೀಪ ಇತ್ತು. ಹತ್ತು ವರ್ಷ ಒಬ್ಬರೇ ಕೋಚ್ ಇದ್ದರು. ಶಾಲೆ ಮುಗಿದ ಮೇಲೆ ಆಟ ಮುಂದುವರಿಸೋಕೆ ಒಂದು ಜಾಗ ಇತ್ತು. ಇವಿಷ್ಟೂ ಇದ್ದ ಮೇಲೆ ಬಂದದ್ದು ಹಟ.

ನಮ್ಮ ಜಿಲ್ಲೆಯಲ್ಲಿ ಮಹಿಳೆಯರಿಗೆಂದೇ ಒಂದು ವಿಶ್ವವಿದ್ಯಾಲಯ ಇದೆ. 2003ರಲ್ಲಿ ಶುರುವಾಗಿ ಈಗ ಅಕ್ಕಮಹಾದೇವಿ ಹೆಸರು ಹೊತ್ತಿದೆ. ಪದವಿ ಕಾಲೇಜು ಮುಟ್ಟಿದ ಹುಡುಗಿಗೆ ಅಂತರಕಾಲೇಜು ಟೂರ್ನಿ ಇದೆ, ದಸರಾ ಕ್ರೀಡಾಕೂಟ ಇದೆ. ಕಷ್ಟ ಇರೋದು ಅಲ್ಲಿಗೆ ಮುಟ್ಟೋದ್ರೊಳಗೆ. ಹೋಬಳಿ ಆಟ ಮುಗಿದು ಕಾಲೇಜು ಆಟ ಸಿಗೋವರೆಗಿನ ನಡುವಿನ ಮೂರ್ನಾಲ್ಕು ವರ್ಷ ಅವಳ ಕೈಯಲ್ಲಿ ಚೆಂಡು ಇರೋದಿಲ್ಲ. ಜಾತ್ರೆಗಳಲ್ಲಿ ರಾತ್ರಿ ಲೈಟ್ ಹಾಕಿ ವಾಲಿಬಾಲ್ ನಡೆಸ್ತೀವಿ, ಅದು ಗಂಡುಹುಡುಗರಿಗೆ. ಹುಡುಗಿಯರ ಆಟ ಸೂರ್ಯ ಮುಳುಗೋದ್ರೊಳಗೆ ಮುಗೀಬೇಕು.

ವಾರಕ್ಕೆ ಮೂರು ಸಂಜೆ, ದೀಪ ಇರುವ ಒಂದು ಅಂಕಣ, ಮನೆ ಮುಟ್ಟಿಸೋಕೆ ಒಂದು ಗಾಡಿ, ಹೊಡೆಯದೆ ಕಲಿಸುವ ಒಬ್ಬ ಕೋಚ್. ಕೇಳಿದ್ದು ದೊಡ್ಡದೇನಲ್ಲ. ಒಂದು ಊರು ಮನಸ್ಸು ಮಾಡಿದರೆ ಪಂಚಾಯ್ತಿ, ಶಾಲೆ, ಪಾಲಕರು ಸೇರಿ ಮಾಡಬಹುದಾದ ಕೆಲಸ. ಇವಿಷ್ಟು ನಾವು ಕೊಟ್ಟ ಮೇಲೆ, ಬಿದ್ದು ಏಳೋದನ್ನು ನಮ್ಮ ಹುಡುಗಿಯರಿಗೆ ಜಪಾನ್‌ನವರು ಬಂದು ಕಲಿಸಬೇಕಿಲ್ಲ. ಅದು ಅವರಿಗೆ ಮೊದಲೇ ಗೊತ್ತು.